ಹಿಂದಿನ ಗಾಲಿಯ ಬಿಸಿ

ನಾನು ಕೆಲಸದಿಂದ ಬಂದು ಅಂಗಳದಲ್ಲಿ ಮೋಟಾರ್‌ಸೈಕಲ್ ನಿಲ್ಲಿಸಿದ ಕೂಡಲೇ ಅಪ್ಪ ಹೊರಗೆ ಬರುತ್ತಿದ್ದ. ಕೋಲನ್ನು ಗೋಡೆಗೆ ಆನಿಸಿ, ಕಷ್ಟಪಟ್ಟು ಬಗ್ಗಿ, ಹಿಂದಿನ ಗಾಲಿಯ ನಡುಭಾಗಕ್ಕೆ ಬಲಗೈಯ ಹಿಂಬದಿಯನ್ನು ಮುಟ್ಟಿಸುತ್ತಿದ್ದ. ಒಂದೆರಡು ಕ್ಷಣ ಅಷ್ಟೆ. ಆಮೇಲೆ ಮುಂದಿನ ಗಾಲಿಗೂ ಹಾಗೇ ಮುಟ್ಟಿಸಿ, ಕೋಲು ತೆಗೆದುಕೊಂಡು ಒಳಗೆ ಹೋಗುತ್ತಿದ್ದ.

ಮೊದಮೊದಲು ನಾನು ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅಪ್ಪ ರೈಲ್ವೆಯಲ್ಲಿ ಬೋಗಿಗಳನ್ನು ತಪಾಸಣೆ ಮಾಡುವ ಕೆಲಸದಲ್ಲಿದ್ದವನು. ಸಿಕಂದರಾಬಾದಿಗೆ ರೈಲು ಬಂದು ನಿಂತರೆ ಸುತ್ತಿಗೆ ಹಿಡಿದುಕೊಂಡು ಅದರ ಉದ್ದಕ್ಕೂ ನಡೆದು, ಒಂದೊಂದು ಗಾಲಿಗೂ ಬಡಿದು ಸದ್ದು ಕೇಳಿ, ಗಾಲಿಯ ಅಚ್ಚು ತಿರುಗುವ ಪೆಟ್ಟಿಗೆ ಬಿಸಿಯಾಗಿದೆಯೇ ಎಂದು ಕೈಯಿಟ್ಟು ನೋಡುವುದೇ ಅವನ ನೌಕರಿ. ಬಿಸಿ ಹೆಚ್ಚಾಗಿದ್ದರೆ ಆ ಬೋಗಿಯನ್ನು ಮುಂದಕ್ಕೆ ಬಿಡುತ್ತಿರಲಿಲ್ಲ. ಗಾರ್ಡು, ಡ್ರೈವರು, ಸ್ಟೇಷನ್ ಮಾಸ್ತರು ಯಾರು ಅವಸರ ಮಾಡಿದರೂ ಅಷ್ಟೆ. ಅಪ್ಪ ವಾಡಿಯ ಕಡೆಯಿಂದ ಹೈದರಾಬಾದಿಗೆ ಬಂದು ಮಲ್ಕಾಜ್‌ಗಿರಿಯಲ್ಲಿ ಮನೆ ಕಟ್ಟಿಸಿ ನಿವೃತ್ತನಾಗುವ ಹೊತ್ತಿಗೆ ಅವನ ಮಂಡಿ ಕೈಕೊಟ್ಟಿತ್ತು. ಗೇರು ಹಾಕುವ ಕಾಲೇ ಮಡಚದಂತಾದಾಗ ಅವನ ನೂರು ಸಿಸಿಯ ಮೋಟಾರ್‌ಸೈಕಲ್ ಗೋಣಿಚೀಲ ಹೊದ್ದು ನಿಂತಿತು. ನಾನು ಆಗಷ್ಟೆ ಕೆಲಸಕ್ಕೆ ಸೇರಿದ್ದೆ. ಎರಡು ಬಸ್ಸು ಬದಲಿಸಿ ಬೇಗಂಪೇಟೆಗೆ ಹೋಗಬೇಕಿತ್ತು. ಅವನೇ ಒಂದು ದಿನ ಗೋಣಿಚೀಲ ತೆಗೆದು, ರೈಲ್ವೆ ಮೈದಾನದಲ್ಲಿ ಕಲ್ಲಿನ ಮೇಲೆ ಕುಳಿತು, ಕೋಲು ತೋರಿಸುತ್ತ ನನಗೆ ಗಾಡಿ ಕಲಿಸಿದ. ಹುಡುಗಿಯರು ಸಣ್ಣ ಸ್ಕೂಟರು ಓಡಿಸುತ್ತಿದ್ದರು, ಮೋಟಾರ್‌ಸೈಕಲ್ ಓಡಿಸುವವರು ನಮ್ಮ ಗಲ್ಲಿಯಲ್ಲಿ ಯಾರೂ ಇರಲಿಲ್ಲ.

ಕೀಲಿ ಕೊಡುವಾಗ ಒಂದೇ ಮಾತು ಹೇಳಿದ. "ಹಿಂದ ಯಾರನ್ನೂ ಕೂಡಿಸ್ಕೋಬ್ಯಾಡ. ನಿನ್ನ ಜೀವದ ಜಿಮ್ಮಾ ನಿಂದು. ಇನ್ನೊಬ್ಬರ ಜೀವದ್ದು ತಗೋಬ್ಯಾಡ."

ನಾನು ಹೂಂ ಅಂದೆ.

ನನ್ನ ಕೆಲಸ ಅಮೆರಿಕದ ಡಾಕ್ಟರುಗಳು ಹೇಳಿ ಕಳಿಸಿದ ರೋಗಿಗಳ ವಿವರವನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ ಟೈಪ್ ಮಾಡುವುದು. ಹೈದರಾಬಾದಿನಲ್ಲಿ ಕಂಪ್ಯೂಟರಿನ ಸುಗ್ಗಿ ಶುರುವಾಗಿದ್ದ ದಿನಗಳವು. ಡಿಗ್ರಿ ಮುಗಿಸಿ, ಇಂಗ್ಲಿಷ್ ಬಲ್ಲ ನಮ್ಮಂಥ ಹುಡುಗಿಯರಿಗೆ ಸುಲಭಕ್ಕೆ ಸಿಗುತ್ತಿದ್ದ ಕೆಲಸ ಅದು. ಬೆಳಗಿನ ಆರಕ್ಕೆ ಹೋದರೆ ಮಧ್ಯಾಹ್ನ ಎರಡಕ್ಕೆ ಬಿಡುಗಡೆ. ನನ್ನ ಪಕ್ಕದ ಕುರ್ಚಿಯಲ್ಲಿ ನನಗಿಂತ ಹತ್ತು ವರ್ಷ ದೊಡ್ಡ ತೆಲುಗು ಹೆಂಗಸೊಬ್ಬಳು ಕೂಡುತ್ತಿದ್ದಳು. ನಾನು ಅಕ್ಕ ಅನ್ನುತ್ತಿದ್ದೆ. ಅವಳ ಗಂಡ ಜೀಡಿಮೆಟ್ಲಾದ ಔಷಧದ ಕಾರ್ಖಾನೆಯಲ್ಲಿ ಕೆಲಸಗಾರ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಹಗಲು ಅತ್ತೆಯನ್ನು ನೋಡಿಕೊಳ್ಳುತ್ತಿದ್ದ ನೆರೆಯವಳು ಮೂರರ ಮೇಲೆ ಒಂದು ನಿಮಿಷ ಇರುತ್ತಿರಲಿಲ್ಲ. ಬಸ್ಸು ತಪ್ಪಿದ ದಿನ ಮುದುಕಿ ಒಬ್ಬಳೇ ಒದ್ದೆಯಲ್ಲಿ ಬಿದ್ದಿರುತ್ತಿದ್ದಳು. ಒಂದು ಮಧ್ಯಾಹ್ನ ಬಸ್‌ಸ್ಟಾಪಿನಲ್ಲಿ ನಿಂತು ಅವಳು ಕಣ್ಣೊರೆಸಿಕೊಳ್ಳುವುದನ್ನು ಕಂಡೆ. ಗಾಡಿ ನಿಲ್ಲಿಸಿ, "ಕೂಡು ಅಕ್ಕಾ" ಅಂದೆ.

ಅವತ್ತಿನಿಂದ ಅದು ದಿನದ ಮಾತಾಯಿತು. ಬೇಗಂಪೇಟೆಯಿಂದ ನಮ್ಮ ಮನೆ ಪೂರ್ವಕ್ಕೆ, ಅವಳ ಮನೆ ವಾಯವ್ಯಕ್ಕೆ. ಬಾಲಾನಗರ ದಾಟಿ ಜೀಡಿಮೆಟ್ಲಾಕ್ಕೆ ಹೋಗಿ ಅವಳನ್ನಿಳಿಸಿ, ಬೋವೆನಪಲ್ಲಿಯ ಮೇಲೆ ಸುತ್ತುಹಾಕಿ ಮನೆಗೆ ಬರುತ್ತಿದ್ದೆ. ಅಪ್ಪನಿಗೆ ಹೇಳಲಿಲ್ಲ. ಓವರ್‌ಟೈಮ್ ಅಂದೆ.

ಹತ್ತು ಹದಿನೈದು ದಿನ ಕಳೆದಿರಬೇಕು. ಗಾಲಿ ಮುಟ್ಟಿ ಎದ್ದ ಅಪ್ಪ, "ಇವತ್ತ ದೂರ ಹೋಗಿದ್ದೇನು?" ಅಂದ.

"ಇಲ್ಲಲ್ಲ. ಆಫೀಸಿಗೆ."

ಮರುವಾರ ಇನ್ನೊಂದು ಮಾತು ಬಂತು. "ಬಾಲಾನಗರದ ಕಡೆ ಏನರ ಕೆಲಸ ಇತ್ತೇನು?"

ಇಲ್ಲ ಅಂದೆ. ಇವನಿಗೆ ಹೇಗೆ ಗೊತ್ತು? ಯಾರೋ ನೋಡಿದ್ದಾರೆ, ಹೇಳಿದ್ದಾರೆ. ಅಥವಾ ಇವನೇ ಯಾರನ್ನೋ ಹಿಂದೆ ಬಿಟ್ಟಿದ್ದಾನೆ. ನಮ್ಮ ಗಲ್ಲಿಯ ತುಂಬ ಅಪ್ಪನ ಜೊತೆ ಕೆಲಸ ಮಾಡಿ ನಿವೃತ್ತರಾದವರೇ ಇದ್ದರು. ಅವರಿಗೆ ಬೇರೆ ಕೆಲಸವೇನಿತ್ತು? ಮೂಲೆಯ ಪಾನ್ ಅಂಗಡಿಯವನು ನಾನು ಹಾದುಹೋಗುವಾಗ ಗೋಡೆಯ ಗಡಿಯಾರ ನೋಡುತ್ತಾನೆ ಅನ್ನಿಸತೊಡಗಿತು. ನಾವು ಕಾಕು ಅನ್ನುತ್ತಿದ್ದ ಎದುರುಮನೆಯಾಕೆ, "ಏನವಾ, ತಡಾ ಆತಲ್ಲ" ಎಂದರೆ ಅದರಲ್ಲೂ ಏನೋ ಇದೆ ಅನ್ನಿಸುತ್ತಿತ್ತು. ಗಾಡಿ ಓಡಿಸುವಾಗ ಮುಂದಿನ ರಸ್ತೆಗಿಂತ ಕನ್ನಡಿಯನ್ನೇ ಹೆಚ್ಚು ನೋಡುತ್ತಿದ್ದೆ. ಬೋವೆನಪಲ್ಲಿಯ ಹತ್ತಿರ ಬಿಳಿ ಮೀಸೆಯ ಮನುಷ್ಯನೊಬ್ಬ ಹಳೇ ಸ್ಕೂಟರಿನಲ್ಲಿ ನನ್ನ ಹಿಂದೆ ಬರುವುದನ್ನು ಎರಡು ಸಲ ಕಂಡೆ. ಎರಡನೇ ಸಲ ಬೇಕೆಂದೇ ಪೆಟ್ರೋಲ್ ಬಂಕಿನೊಳಗೆ ತಿರುಗಿ ನಿಂತೆ. ಅವನು ಮುಂದೆ ಹೋದ. ನನಗೆ ಗುರುತು ಹತ್ತಿತೆಂದೇ ಮುಂದೆ ಹೋದ ಅಂದುಕೊಂಡೆ.

ಆಮೇಲೆ ಒಂದು ದಿನ ಅಂಗಳದಲ್ಲಿ ನಿಂತು ಗಾಲಿ ನೋಡಿದಾಗ, ಮಂದಿಯಷ್ಟೇ ಅಲ್ಲ, ಗಾಲಿಯೂ ಸುಳಿವು ಕೊಡುತ್ತಿದೆ ಎಂದು ಹೊಳೆಯಿತು. ಜೀಡಿಮೆಟ್ಲಾದ ಒಳರಸ್ತೆಯಲ್ಲಿ ಮಳೆ ಬಂದರೆ ಕಾರ್ಖಾನೆಗಳ ಚರಂಡಿಯ ನೀರು ಮೇಲೆದ್ದು ನಿಲ್ಲುತ್ತಿತ್ತು. ಒಂದು ದಿನ ಕಂದು, ಒಂದು ದಿನ ಹಳದಿ. ಅದರಲ್ಲಿ ಹಾಯ್ದರೆ ಗಾಲಿಯ ಕಡ್ಡಿಗಳಿಗೆ ಇಟ್ಟಂಗಿ ಬಣ್ಣದ ಕೆಸರು ಮೆತ್ತಿಕೊಳ್ಳುತ್ತಿತ್ತು. ಬೇಗಂಪೇಟೆಯಲ್ಲಾಗಲಿ ಮಲ್ಕಾಜ್‌ಗಿರಿಯಲ್ಲಾಗಲಿ ಅಂಥ ಕೆಸರಿರಲಿಲ್ಲ.

ಮರುದಿನದಿಂದ ಮನೆಗೆ ಬರುವ ದಾರಿಯಲ್ಲಿ ಲಾರಿ ತೊಳೆಯುವ ಜಾಗವೊಂದರಲ್ಲಿ ನಿಲ್ಲಿಸಿ, ಜೋರು ನೀರಿನ ಪೈಪು ಹಿಡಿದವನಿಗೆ "ಗಾಲಿ ಅಷ್ಟೇ ಹೊಡಿ" ಅನ್ನತೊಡಗಿದೆ. ಅವನು ಪೈಪನ್ನು ಗಾಲಿಯ ನಡುವಿಗೇ ಇಟ್ಟು ಹೊಡೆಯುತ್ತಿದ್ದ. ಕಡ್ಡಿಗಳು ಫಳಫಳ ಹೊಳೆಯುತ್ತಿದ್ದವು.

ಅಪ್ಪ ಅವತ್ತು ಗಾಲಿಯನ್ನು ಮುಟ್ಟದೆ ಬಹಳ ಹೊತ್ತು ನೋಡಿದ. "ಗಾಡಿ ಮೈಯೆಲ್ಲ ಧೂಳ ಐತಿ. ಗಾಲಿ ಅಷ್ಟ ಸ್ವಚ್ಛ ಐತಿ" ಅಂದ. ನನ್ನ ಕಡೆ ತಿರುಗಲಿಲ್ಲ. ನಾನು ನೀರು ಕುಡಿಯುವ ನೆಪ ಮಾಡಿ ಒಳಗೆ ಹೋದೆ.

ಆ ರಾತ್ರಿ ಊಟಕ್ಕೆ ಬಡಿಸುತ್ತ ಅವ್ವ ಮೆಲ್ಲಗೆ ಕೇಳಿದಳು. "ಯಾರರ ಇದ್ರ ಹೇಳಿಬಿಡವಾ. ನಿಮ್ಮಪ್ಪ ಮಾತಾಡೂದು ಬಿಟ್ಟಾನ."

"ಯಾರೂ ಇಲ್ಲ. ನನ್ನ ಹಿಂದ ಮಂದಿ ಬಿಟ್ಟು ಕಾಯಾಕತ್ತಾನೇನು? ನಾ ಏನ್ ಕಳ್ಳಿಯೇನು?" ಎಂದು ತಟ್ಟೆ ಸರಿಸಿ ಎದ್ದೆ. ಅಕ್ಕನ ವಿಷಯ ಆಗಲೇ ಹೇಳಬಹುದಿತ್ತು. ಆದರೆ ಹೇಳಿದರೆ ಕೀಲಿ ಹೋಗುತ್ತದೆ, ಅವಳ ಮುದುಕಿ ಒಬ್ಬಳೇ ಬೀಳುತ್ತಾಳೆ. ಜೊತೆಗೆ ಸಿಟ್ಟೂ ಇತ್ತು. ಕಾಯುವವರಿಗೆ ನಾನಾಗಿ ಯಾಕೆ ಹೇಳಬೇಕು?

ಆ ಹೊತ್ತಿಗೆ ಹಿಂದಿನ ಗಾಲಿಯಿಂದ ಒಂದು ಸದ್ದು ಶುರುವಾಗಿತ್ತು. ದೂರದಲ್ಲೆಲ್ಲೋ ಗಿರಣಿ ಓಡುತ್ತಿರುವ ಹಾಗೆ, ಸಣ್ಣ ಗುಂಯ್. ವೇಗ ಹೆಚ್ಚಿದರೆ ಹೆಚ್ಚುತ್ತಿತ್ತು. ಗೇರು ಬದಲಿಸಿದರೂ ಬದಲಾಗುತ್ತಿರಲಿಲ್ಲ. ಟೈರು ಸವೆದಿರಬೇಕು ಅಂದುಕೊಂಡೆ. ನಾನು ಗಲ್ಲಿಗೆ ತಿರುಗುವಾಗಲೇ ಅಪ್ಪನಿಗೆ ಅದು ಕೇಳಿಸಿತ್ತು.

"ದೊಡ್ಡ ಸ್ಟ್ಯಾಂಡ್ ಹಾಕು ಒಂದ್ ಸಲ. ಗಾಲಿ ಹಿಡದು ಅಳ್ಳಾಡ್ಸಿ ನೋಡೂಣು" ಅಂದ.

ಗಾಡಿ ಎಷ್ಟು ಕಿಲೋಮೀಟರು ಓಡಿದೆ ಎಂದು ಮೀಟರು ನೋಡುವುದಕ್ಕೆ ಇದೊಂದು ನೆಪ ಎಂದೇ ನನಗೆ ಅನ್ನಿಸಿತು. "ಭಾಳ ದಣದೀನಿ ಅಪ್ಪಾ, ಐತ್ವಾರ ನೋಡೂಣು" ಎಂದು ಕೀಲಿ ಕಿತ್ತುಕೊಂಡು ಹೋದೆ. ಆ ಭಾನುವಾರವೂ ಇನ್ನೊಂದು ನೆಪ ಹೇಳಿದೆ.

ಅದಾದ ಬುಧವಾರವೋ ಗುರುವಾರವೋ, ಅಕ್ಕನನ್ನು ಕೂಡಿಸಿಕೊಂಡು ಬಾಲಾನಗರ ದಾಟುತ್ತಿದ್ದೆ. ತಿರುವಿನಲ್ಲಿ ಗಾಡಿಯ ಹಿಂಭಾಗ ನನ್ನ ಮಾತು ಕೇಳದೆ ಹೊರಗೆ ಜಾರಿತು. ಬೀಳಲಿಲ್ಲ. ಪಕ್ಕದಲ್ಲೇ ಲಾರಿಯೊಂದು ಹಾದುಹೋಯಿತು. ಅಕ್ಕ ನನ್ನ ಹೊಟ್ಟೆಯನ್ನು ಬಿಗಿಯಾಗಿ ಅಪ್ಪಿಕೊಂಡಿದ್ದಳು. ನಿಲ್ಲಿಸಿ ನೋಡಿದರೆ ಟೈರಿನಲ್ಲಿ ಗಾಳಿ ಸರಿಯಾಗಿತ್ತು. ತಳ್ಳುತ್ತ ರಸ್ತೆಬದಿಯ ಮೆಕ್ಯಾನಿಕ್ ಶೆಡ್ಡಿಗೆ ಹೋದೆವು.

ಐವತ್ತರ ಆಸುಪಾಸಿನ ಮನುಷ್ಯ. ಗಾಡಿಯನ್ನು ದೊಡ್ಡ ಸ್ಟ್ಯಾಂಡಿಗೆ ಹಾಕಿ, ಹಿಂದಿನ ಗಾಲಿಯನ್ನು ಎರಡೂ ಕೈಯಿಂದ ಹಿಡಿದು ಆಚೆಗೊಮ್ಮೆ ಈಚೆಗೊಮ್ಮೆ ಜಗ್ಗಿದ. ಕಟ್ ಕಟ್ ಅಂದಿತು. "ಬೇರಿಂಗ್ ಗಯಾ, ಬೆಹನ್. ಗಾಲಿಯೊಳಗಿನ ಬೇರಿಂಗ್ ಹೋಗಿದೆ. ಗಾಲಿ ಬಿಚ್ಚಬೇಕು" ಅಂದ.

ನಾನು ನಂಬಲಿಲ್ಲ. ಹೆಣ್ಣುಮಕ್ಕಳು ಗಾಡಿ ತಂದರೆ ಮೆಕ್ಯಾನಿಕ್ಕುಗಳು ಹೇಗೆ ಆಡುತ್ತಾರೆಂದು ನೋಡಿದ್ದೆ. ಹಿಂದೊಮ್ಮೆ ಒಬ್ಬ ಕ್ಲಚ್ ವೈರು ಬದಲಿಸಿದೆನೆಂದು ಹಳೆಯದಕ್ಕೇ ಎಣ್ಣೆ ಸವರಿ ಕೊಟ್ಟಿದ್ದ. "ಚೈನ್ ಟೈಟ್ ಮಾಡಿ ಕೊಡಿ, ಸಾಕು" ಅಂದೆ.

ಅವನು ನಟ್ಟು ಬಿಚ್ಚಲು ಎತ್ತಿದ್ದ ಪಾನಾ ಕೆಳಗಿಟ್ಟ. "ಚೈನ್ ಟೈಟ್ ಮಾಡಿ ನಿಮ್ಮನ್ನ ಕಳಿಸೋದಿಲ್ಲ ನಾನು. ಬೇರೆ ಕಡೆ ತಳ್ಳಿಕೊಂಡು ಹೋಗಿ. ಹತ್ತಿ ಮಾತ್ರ ಹೋಗಬೇಡಿ" ಎಂದು ಉರ್ದುವಿನಲ್ಲಿ ಹೇಳಿ ಚಹಾ ಕುಡಿಯಲು ಕುಳಿತ. ಇದೂ ಒಂದು ಆಟವೇ ಇರಬೇಕು ಅಂದುಕೊಂಡೆ.

ಕೊನೆಗೆ ಅಕ್ಕನೇ, "ನಿಮ್ಮ ನಾನ್ನಗೆ, ನಿಮ್ಮಪ್ಪನಿಗೆ, ಫೋನ್ ಮಾಡು" ಅಂದಳು. ನನಗೆ ಅದೊಂದೇ ಬೇಡವಾಗಿತ್ತು. ಆದರೆ ಆ ಊರಲ್ಲಿ ಗಾಲಿಯ ವಿಷಯದಲ್ಲಿ ನಾನು ನಂಬುವ ಮನುಷ್ಯ ಬೇರೆ ಯಾರೂ ಇರಲಿಲ್ಲ. ಕಾಯಿನ್ ಹಾಕುವ ಫೋನಿನಿಂದ ಮನೆಗೆ ಮಾಡಿದೆ. "ಬಾಲಾನಗರದಾಗ ಅದೀನಿ. ಗಾಲಿ ಜಾರ್ತು. ನಂಗೇನೂ ಆಗಿಲ್ಲ" ಅಂದೆ. ಅಪ್ಪ ಯಾವ ಶೆಡ್ಡು ಎಂದು ಕೇಳಿಕೊಂಡ. "ಅಲ್ಲೇ ನಿಂದ್ರು. ಗಾಡಿ ಮುಟ್ಟಬ್ಯಾಡ" ಅಂದ. ಯಾರ ಜೊತೆ ಇದ್ದೀ ಎಂದು ಕೇಳಲಿಲ್ಲ.

ಅಕ್ಕನೂ ಅದೇ ಫೋನಿನಿಂದ ನೆರೆಯವಳನ್ನು ಕಾಡಿಬೇಡಿ ಇನ್ನೊಂದು ತಾಸು ಇರಲು ಒಪ್ಪಿಸಿದಳು. ಬಸ್ಸಿಗೆ ಹೋಗು ಎಂದರೂ ನನ್ನನ್ನು ಬಿಟ್ಟು ಹೋಗಲಿಲ್ಲ.

ಅಪ್ಪ ಆಟೋದಲ್ಲಿ ಬಂದ. ಇಳಿದವನು ಮೊದಲು ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದ. ಆಮೇಲೆ ನನ್ನ ಪಕ್ಕ ನಿಂತವಳ ಕಡೆ ನೋಡಿದ. ಬಿಸಿಲಿಗೆಂದು ಅಕ್ಕ ದಿನಾ ಮಾಡುವಂತೆ ಗಂಡನ ತುಂಬುತೋಳಿನ ಅಂಗಿಯನ್ನು ಚೂಡಿದಾರದ ಮೇಲೆ ತೊಟ್ಟು, ಓಢಣಿಯನ್ನು ತಲೆ ಮುಖಕ್ಕೆಲ್ಲ ಸುತ್ತಿಕೊಂಡಿದ್ದಳು. ಅಪ್ಪನನ್ನು ಕಂಡು ಓಢಣಿ ಬಿಚ್ಚಿ ನಮಸ್ಕಾರ ಮಾಡಿದಳು. ಅಪ್ಪನ ಮುಖ ಏನೇನೋ ಆಯಿತು. ಆ ಅಂಗಿಯನ್ನೇ ನೋಡುತ್ತ ನಿಂತುಬಿಟ್ಟ.

ಅವಳೇ ತೆಲುಗಿನಲ್ಲಿ ಎಲ್ಲ ಹೇಳಿದಳು. ಅತ್ತೆಯ ವಿಷಯ, ಬಸ್ಸಿನ ವಿಷಯ, ತಿಂಗಳುಗಟ್ಟಲೆಯಿಂದ ಹೀಗೆ ಬಿಡುತ್ತಿರುವ ವಿಷಯ. ತಪ್ಪು ತನ್ನದು ಅಂದಳು. ಅಪ್ಪ ತಾನು ಬಂದ ಆಟೋವನ್ನೇ ತೋರಿಸಿ, "ಮೊದಲು ನಿಮ್ಮ ಅತ್ತೆಯ ಹತ್ತಿರ ಹೋಗಮ್ಮಾ" ಎಂದು ತೆಲುಗಿನಲ್ಲೇ ಹೇಳಿ ಕಳಿಸಿದ.

ಆಮೇಲೆ ಮೆಕ್ಯಾನಿಕ್ಕನ ಹತ್ತಿರ ಹೋಗಿ ಏನು ಹೇಳಿದಿರಿ ಎಂದು ಕೇಳಿದ. ಅವನು ಹೇಳಿದ. ಅಪ್ಪ ಗಾಲಿ ಹಿಡಿದು ತಾನೂ ಜಗ್ಗಿ ನೋಡಿದ. ಗಾಲಿಯನ್ನು ಕೈಯಿಂದ ತಿರುಗಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅಚ್ಚಿಗೆ ಇಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಂಡ. ಹಾಗೇ ನನ್ನ ಕೈಗೆ ಕೊಟ್ಟ. "ಕೇಳು."

ಹಲ್ಲಿನ ನಡುವೆ ಉಸುಕು ಸಿಕ್ಕ ಹಾಗೆ ಕರಕರ ಅನ್ನುತ್ತಿತ್ತು.

"ಈ ಮನಶಾ ಖರೇನ ಹೇಳ್ಯಾನ" ಅಂದ ಅಪ್ಪ. ಆಮೇಲೆ ಮೆಕ್ಯಾನಿಕ್ಕನಿಗೆ, ನನ್ನ ಮಗಳು ನಿಮ್ಮ ಮೇಲೆ ಸಂಶಯ ಪಟ್ಟಳು, ಮಾಫ್ ಮಾಡಿ ಎಂದ. ಅವನು, "ಎಲ್ಲರೂ ಪಡುತ್ತಾರೆ ಸಾಬ್" ಎಂದು ಪಾನಾ ಎತ್ತಿಕೊಂಡ.

ಗಾಲಿ ಬಿಚ್ಚಿದಾಗ ನೋಡಿದೆ. ಬೇರಿಂಗಿನ ಒಳಗಿನ ಬಳೆಯಲ್ಲಿ ಬೆರಳಿಟ್ಟು ತಿರುಗಿಸಲು ಅಪ್ಪ ಹೇಳಿದ. ನುಣ್ಣಗೆ ತಿರುಗಬೇಕಾದದ್ದು ತಡೆತಡೆದು ತಿರುಗಿತು. ನೀರು ತಡೆಯುವ ರಬ್ಬರಿನ ಸೀಲು ಗಟ್ಟಿಯಾಗಿ ಅಂಚು ಸೀಳಿತ್ತು. ಒಳಗಿನ ಗ್ರೀಸು ಹಾಲಿಲ್ಲದ ಚಹಾದಂತೆ ತೆಳ್ಳಗಾಗಿ, ತುಕ್ಕಿನ ಜೊತೆ ಸೋರಿತು.

"ಎಲ್ಲಿ ತೊಳಸ್ತಿದ್ದಿ?" ಅಪ್ಪ ಕೇಳಿದ.

ಹೇಳಿದೆ. ಯಾಕೆ ತೊಳೆಸುತ್ತಿದ್ದೆ ಎಂಬುದನ್ನೂ ಹೇಳಿದೆ.

"ಕೆಸರು ಹೊರಗ ಒಣಗಿ ಉದರ್ತಿತ್ತು. ಆ ಪೈಪಿನ ನೀರು ಸೀಲ್ ದಾಟಿ ಒಳಗ ಹೋತು. ಅದರ ಮ್ಯಾಲ ಇಬ್ಬರ ವಜ್ಜಾ." ಅಂದ. ನಾನು ಬೈಗಳಿಗೆ ಕಾಯುತ್ತಿದ್ದೆ, ಬರಲಿಲ್ಲ.

ಆಗ ನಾನೇ ಕೇಳಿದೆ. "ನನ್ನ ಹಿಂದ ಯಾರನ್ನ ಕಳಸಿದ್ದಿ? ಬಿಳಿ ಮೀಸೀ ಸ್ಕೂಟರಿನವ ಯಾರು?"

"ಯಾ ಸ್ಕೂಟರಿನವ?" ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಗಾಲಿ ಬಿಸಿ ಇರ್ತಿತ್ತು. ಬ್ರೇಕಿನ ಬಿಸಿ ಡ್ರಮ್ಮಿನ ತುಂಬ ಇರ್ತದ, ಇದು ಅಚ್ಚಿನ ಹತ್ರನ ಇರ್ತಿತ್ತು. ಹಿಂದಿನ ಟೈರಿನ ಮೈಯಾಗ ವಜ್ಜಾ ಹೊತ್ತ ಗುರ್ತು. ಕೆಸರಿನ ಬಣ್ಣ ಕಾರ್ಖಾನಿ ಕಡೀದು. ಅಷ್ಟ ಸಾಕಾತು."

ಮೆಕ್ಯಾನಿಕ್ ಆಚೆಗೆ ಹೋದಾಗ, ನೆಲ ನೋಡುತ್ತ ಮತ್ತೆ ಹೇಳಿದ. "ಒಂದ್ ಸಲ ನಾನ ಬಂದಿದ್ದೆ. ಬಸ್ ಹತ್ತಿ. ನಿಮ್ಮ ಆಫೀಸಿನ ಎದುರ, ಮರದ ಕೆಳಗ ನಿಂತಿದ್ದೆ. ನಿನ್ನ ಹಿಂದ ಅಂಗಿ ಹಾಕ್ಕೊಂಡಾವ ಒಬ್ಬ ಕುಂತಾನ ಅನಿಸ್ತು. ಮುಖಾ ಕಾಣಲಿಲ್ಲ. ಕಣ್ಣಿಗೆ ಕತ್ತಲಿ ಬಂದಂಗಾತು. ಮನಿಗೆ ಹೋಗಿಬಿಟ್ಟೆ. ನಿಮ್ಮವ್ವಗೂ ಹೇಳಿಲ್ಲ."

ಆ ಮಂಡಿ ಇಟ್ಟುಕೊಂಡು ಎರಡು ಬಸ್ಸು ಹತ್ತಿ ಇಳಿದಿದ್ದ. ನನಗೆ ಸಿಟ್ಟು ಬರಬೇಕಿತ್ತು, ಬಂದಿತೂ ಕೂಡ. ಆದರೆ ಅವನ ಮುಖ ನೋಡಿ ನಗು ಬಂತು. ಗಂಡನ ಅಂಗಿ ತೊಟ್ಟ ಅಕ್ಕನನ್ನು ನೋಡಿ ಈ ಮನುಷ್ಯ ಎಷ್ಟು ದಿನ ನಿದ್ದೆ ಬಿಟ್ಟಿದ್ದನೋ! ನಾನು ನಕ್ಕಿದ್ದು ಅವನಿಗೆ ಸೇರಲಿಲ್ಲ. ಗಾಲಿಯ ಕಡೆ ಮುಖ ತಿರುಗಿಸಿಕೊಂಡ. ಬಿಳಿ ಮೀಸೆಯವನು ಯಾರೆಂಬುದು ಇವತ್ತಿಗೂ ಗೊತ್ತಿಲ್ಲ. ಪಾಪ, ಮನೆಗೆ ಹೋಗುತ್ತಿದ್ದವನಿರಬೇಕು.

ಗಾಲಿಯನ್ನು ಶೆಡ್ಡಿನಲ್ಲೇ ಬಿಟ್ಟು ನಾವಿಬ್ಬರೂ ರಾಣಿಗಂಜಿಗೆ ಹೋಗಿ ಬೇರಿಂಗು ತಂದೆವು. ಅಂಗಡಿಯಲ್ಲಿ ಅಪ್ಪನ ಸಂಶಯ ಮತ್ತೆ ಮೈಗೇರಿತು. ನಕಲಿ ಮಾಲು ತುಂಬಿದ ಬಜಾರು ಅದು ಎಂದು, ಮೂರು ಡಬ್ಬಿ ಬಿಚ್ಚಿಸಿ, ಜೇಬಿನಿಂದ ಭೂತಗನ್ನಡಿ ತೆಗೆದು ಉಕ್ಕಿನ ಮೇಲೆ ಕೊರೆದ ಅಂಕಿಗಳನ್ನು ಓದಿದ. ಕಿರುಬೆರಳಿಗೆ ಸಿಕ್ಕಿಸಿ ತಿರುಗಿಸಿ ಕಿವಿಯ ಹತ್ತಿರ ಹಿಡಿದ. ಅಂಗಡಿಯವನಿಗೆ ಸಾಕಾಗಿ, "ಬೇರಿಂಗ್ ಹೈ ಸಾಬ್, ದುಲ್ಹನ್ ನೈ" ಅಂದ. ಮದುಮಗಳನ್ನು ನೋಡಿದ ಹಾಗೆ ನೋಡುತ್ತೀರಲ್ಲ ಎಂಬ ಅರ್ಥ. ಅಪ್ಪ ನಾಲ್ಕನೆಯ ಡಬ್ಬಿ ಕೇಳಿದ.

ಕೆಟ್ಟಿದ್ದು ಒಂದೇ ಪಕ್ಕದ್ದಾದರೂ ಹಿಂದಿನ ಗಾಲಿಯ ಬೇರಿಂಗುಗಳನ್ನೆಲ್ಲ ಬದಲಿಸಬೇಕು, ಸೀಲುಗಳನ್ನೂ ಹೊಸದು ಹಾಕಬೇಕು ಎಂದು ಅಪ್ಪ ಹೇಳಿದ. ಅದೇ ನೀರು ಕುಡಿದ ಇನ್ನೊಂದು ಪಕ್ಕವನ್ನು ನಂಬಿ ಕೂಡಬಾರದು ಅಂತ. ತಂದ ಬೇರಿಂಗುಗಳನ್ನು ಆ ರಾತ್ರಿ ಮನೆಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರಿಜ್ಜಿನ ಬರ್ಫದ ಖಾನೆಯಲ್ಲಿಟ್ಟ. ತಣ್ಣಗಾದರೆ ಕೂದಲೆಳೆಯಷ್ಟು ಸಣ್ಣಗಾಗಿ ಸಲೀಸಾಗಿ ಕೂಡುತ್ತವಂತೆ. ಹಾಲಿನ ಪಾಕೀಟು ತೆಗೆಯಲು ಹೋದ ಅವ್ವ, "ಇದೇನ್ರೀ ಕಬ್ಬಿಣದ ಕಡಬು!" ಎಂದು ಕೂಗಿದಳು.

ಮರುದಿನ ಅವನ್ನು ಬರ್ಫ ತುಂಬಿದ ಡಬ್ಬಿಯಲ್ಲೇ ಶೆಡ್ಡಿಗೆ ಒಯ್ದೆವು. ಹೊಸದನ್ನು ಕೂಡಿಸುವಾಗ ಅಪ್ಪ ಸ್ಟೂಲು ಹಾಕಿಕೊಂಡು ಎದುರಿಗೇ ಕುಳಿತು ಹೇಳುತ್ತ ಹೋದ. ಏಟು ಹೊರಗಿನ ಬಳೆಗೆ ಮಾತ್ರ ಬೀಳಬೇಕು. ಒಳಗಿನದಕ್ಕೆ ಬಿದ್ದರೆ ಗುಂಡುಗಳು ಗಾಯಗೊಂಡು ಹೊಸದೂ ಕೆಡುತ್ತದೆ. ಎರಡು ಬೇರಿಂಗುಗಳ ನಡುವಿನ ಕೊಳವೆಯನ್ನು ಮರೆಯಬಾರದು. ಮೆಕ್ಯಾನಿಕ್ಕನಿಗೆ ಇವೆಲ್ಲ ಅಪ್ಪನಿಗಿಂತ ಚೆನ್ನಾಗಿ ಗೊತ್ತಿತ್ತು. ಹಳೆಯ ಬೇರಿಂಗನ್ನೇ ಮೇಲಿಟ್ಟು ಅದರ ಮೇಲೆ ಬಡಿದು ಹೊಸದನ್ನು ನೆಟ್ಟಗೆ ಇಳಿಸಿದ. ಮುಂದಿನ ಗಾಲಿಯದನ್ನೂ ಬದಲಿಸಿಬಿಡೋಣವೇ ಎಂದು ಕೇಳಿದಾಗ ಮಾತ್ರ ಅಪ್ಪ ಹುಬ್ಬು ಗಂಟಿಕ್ಕಿದ. ಅದನ್ನು ಬಿಚ್ಚಿಸಿ, ಬೆರಳಿಟ್ಟು ತಿರುಗಿಸಿ, ನುಣ್ಣಗಿದೆ, ಅಲುಗಾಟವಿಲ್ಲ, ಸೀಲು ಮೆತ್ತಗಿದೆ ಎಂದು ಖಾತ್ರಿ ಮಾಡಿಕೊಂಡು, "ಚೊಲೋ ಇದ್ದದ್ದನ್ನ ಯಾಕ ತಗೀಬೇಕು?" ಅಂದ.

ನನಗೆ ಬೇರೆಯಾಗಿ ಹೇಳಿದ. ಎಷ್ಟು ಕಿಲೋಮೀಟರಿಗೆ ಬದಲಿಸಬೇಕೆಂದು ಯಾರು ಹೇಳಿದರೂ ಅದನ್ನೊಂದೇ ನಂಬಬೇಡ. ಟೈರಿಗೆಂದು ಗಾಲಿ ಬಿಚ್ಚಿದಾಗಲೆಲ್ಲ ಬೆರಳು ಹಾಕಿ ನೋಡು. ಮಳೆಗಾಲ ಮುಗಿದ ಮೇಲೆ ಒಮ್ಮೆ ನೋಡು. ನೀರಿನಲ್ಲಿ ಗಾಲಿ ಮುಳುಗಿದರೆ ಕಾಯಬೇಡ. ಅಲುಗಾಟ ಕಂಡಿತೋ, ಅವತ್ತೇ ತೆಗೆ.

ಅಕ್ಕನ ವಿಷಯಕ್ಕೆ ಎರಡು ದಿನ ಏನೂ ಹೇಳಲಿಲ್ಲ. ಮೂರನೆಯ ಬೆಳಿಗ್ಗೆ ನಾನು ಹೊರಡುವಾಗ, "ಆ ಹೆಣ್ಣಮಗಳನ್ನ ಬಿಟ್ಟ ಬಾ. ತಿರುವಿನಾಗ ಸಾವಕಾಶ" ಅಂದ. ಅವಳು ಮುಂದೆ ಒಂದೂವರೆ ವರ್ಷ ನನ್ನ ಹಿಂದೆ ಕುಳಿತಳು, ಅತ್ತೆ ತೀರಿಕೊಳ್ಳುವ ತನಕ. ಅಪ್ಪ ಅವಳ ಮನೆಗೆ ಹೋಗಿ ಮಾತಾಡಿಸಿಕೊಂಡು ಬಂದ. ಆದರೂ ನಾನು ತಡವಾದ ದಿನ ಗೇಟಿನಲ್ಲಿ ನಿಲ್ಲುವುದನ್ನು ಬಿಡಲಿಲ್ಲ, ಆ ಕಣ್ಣಿನಲ್ಲಿ ಪ್ರಶ್ನೆ ಇದ್ದೇ ಇರುತ್ತಿತ್ತು. ನಾನೂ ಬಹಳ ದಿನ ಕನ್ನಡಿಯಲ್ಲಿ ಹಿಂದಿನವರ ಮುಖ ಹುಡುಕುವುದನ್ನು ಬಿಡಲಿಲ್ಲ.

ಬೇರಿಂಗ್ ಬದಲಿಸಿದ ಮೇಲಿನ ಜನವರಿಯಲ್ಲಿ ಅವ್ವ ಇದ್ದಕ್ಕಿದ್ದ ಹಾಗೆ, "ಯಾರ್ಯಾರನ್ನೋ ಕೂಡಿಸ್ಕೊಂಡ್ ಅಡ್ಡಾಡ್ತಿ. ನನ್ನ ಒಂದ್ ಸಲ ನಾಂಪಲ್ಲಿ ನುಮಾಯಿಶ್‌ಗೆ ಕರ್ಕೊಂಡ್ ಹೋಗು, ಜಾತ್ರಿಯಂಗ ಅಂಗಡಿ ಹಚ್ಚಿರ್ತಾರಂತ" ಅಂದಳು. ಅಪ್ಪ ಬೇಡ ಅನ್ನಲಿಲ್ಲ. ಅವ್ವ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಪಕ್ಕಕ್ಕೆ ಕುಳಿತು, ನನ್ನ ಭುಜ ಬಿಗಿಯಾಗಿ ಹಿಡಿದುಕೊಂಡಳು. ಗಲ್ಲಿ ದಾಟುವ ಮೊದಲೇ, "ಏನ ಸಪ್ಪಳ ಅದು?" ಅಂದಳು.

"ಇಂಜಿನ್ನು ಅವ್ವಾ."

"ಖರೇ ಹೇಳ್ತಿಯೇನು?"

ನಾಂಪಲ್ಲಿ ಬರುವ ತನಕ ಇನ್ನೂ ಆರೇಳು ಸಲ ಕೇಳಿದಳು. ಪ್ರತಿ ಸಲವೂ ನಿಲ್ಲಿಸಿ, ಗಾಲಿ ಅಲುಗುವುದಿಲ್ಲ ಎಂದು ತೋರಿಸಬೇಕಾಯಿತು.